ಸರ್ವೆ ನಂಬರಿಗೆ ಗುಡ್ಡದ ಇಳಿಜಾರು ಕಾಣದು

ಮಲೆನಾಡಿನಲ್ಲಿ ಭೂಮಿಯು ತುಂಡುತುಂಡಾಗಿ ಬದುಕುವುದಿಲ್ಲ. ನೆತ್ತಿಯ ಕಾನು ಮಳೆನೀರನ್ನು ಹಿಡಿದಿಡುತ್ತದೆ. ನಡುವಣ ಸೊಪ್ಪಿನಬೆಟ್ಟವು ತೋಟಕ್ಕೆ ಗೊಬ್ಬರವನ್ನೂ ಮುಚ್ಚಿಗೆಯನ್ನೂ ಒದಗಿಸುತ್ತದೆ. ಕಣಿವೆಯ ಗದ್ದೆಯು ಹರಿದುಬಂದ ನೀರನ್ನು ತಡೆದು ಇಂಗಿಸುತ್ತದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟ ಹಳೆಯ ವ್ಯವಸ್ಥೆಗೆ ಈ ಸಂಬಂಧದ ಅರಿವಿತ್ತು.

ಇಂದಿನ ಆಡಳಿತಕ್ಕೆ ಆ ಅರಿವು ಬೇಡವಾಗಿದೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆಯ ಅರ್ಜಿಗಳು ಸರ್ವೆ ನಂಬರಿನ ಲೆಕ್ಕದಲ್ಲಿ ಬರುತ್ತವೆ, ಬಿಡಿಬಿಡಿಯಾಗಿಯೇ ಮಂಜೂರಾಗುತ್ತವೆ. ಮೇಲಿನ ಗುಡ್ಡವನ್ನು ರೆಸಾರ್ಟಿಗೆಂದು ತಟ್ಟು ಮಾಡಿದರೆ ಕೆಳಗಿನ ಗದ್ದೆಯ ಒರತೆ ಏನಾದೀತು? ಒಂದೇ ಇಳಿಜಾರಿನ ಹತ್ತು ಪರಿವರ್ತನೆಗಳ ಒಟ್ಟು ಭಾರವೆಷ್ಟು? ಒಂದು ತುಂಡಿನ ಕಡತದಲ್ಲಿ ಇಡೀ ಗುಡ್ಡದ ಲೆಕ್ಕ ಸಿಗದು. 2020ರ ಭೂಸುಧಾರಣಾ ತಿದ್ದುಪಡಿಯು ಕೃಷಿಕರಲ್ಲದವರಿಗೂ ಕೃಷಿಭೂಮಿಯ ಬಾಗಿಲು ತೆರೆದ ಮೇಲೆ ಈ ಕುರುಡುತನ ಇನ್ನಷ್ಟು ಅಪಾಯಕಾರಿಯಾಗಿದೆ.

ಕೊನೆಗೆ ಲೆಕ್ಕವನ್ನು ಗುಡ್ಡವೇ ಒಪ್ಪಿಸಿತು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ; 2024ರ ಜುಲೈ 16ರಂದು ಅಂಕೋಲಾದ ಶಿರೂರು. ಮಳೆ ಅತಿಯಾಗಿತ್ತು, ನಿಜ. ಆದರೆ ರಸ್ತೆಗೋ ಕಟ್ಟಡಕ್ಕೋ ಬುಡ ಕಡಿಸಿಕೊಂಡ ಇಳಿಜಾರು ಆಸರೆ ಕಳೆದುಕೊಳ್ಳುತ್ತದೆ. ನೀರುಂಡು ಭಾರವಾದ ಮಣ್ಣನ್ನು ಅದು ತಾಳಲಾರದು.

ಮೇಲಿನಿಂದ ಬಂದ ಯೋಜನೆಗಳ ಕಥೆಯೂ ಹಿತಕರವಲ್ಲ. 2011ರಲ್ಲಿ ಗಾಡ್ಗೀಳ್ ಸಮಿತಿಯು ಸೂಕ್ಷ್ಮ ವಲಯಗಳ ನಿರ್ಧಾರ ಗ್ರಾಮಸಭೆಗಳ ಮೂಲಕ ಆಗಲಿ ಎಂದಿತು. ಆ ಮಾತನ್ನು ಬದಿಗಿಡಲಾಯಿತು. 2013ರ ಕಸ್ತೂರಿರಂಗನ್ ವರದಿಯನ್ನು ಆಧರಿಸಿ ಕೇಂದ್ರವು 2014ರಿಂದ 2024ರವರೆಗೆ ಆರು ಕರಡು ಅಧಿಸೂಚನೆಗಳನ್ನು ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿತ್ತು. ಊರನ್ನು ಕೇಳದೆ ಎಳೆದ ಗೆರೆಯನ್ನು ಊರು ನಂಬಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಆದರೆ ತಿರಸ್ಕಾರವೇ ಯೋಜನೆಯಾಗದು. ಗೆರೆಯೇ ಇಲ್ಲದ ಗುಡ್ಡದಲ್ಲಿ ಲಾಭ ಬಡ ರೈತನಿಗಲ್ಲ, ಜೆಸಿಬಿ ತರಬಲ್ಲವನಿಗೆ.

ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಪಂಚಾಯಿತಿ ಹಾಗೂ ಪುರಸಭೆಗಳ ಯೋಜನೆಗಳನ್ನು ಒಗ್ಗೂಡಿಸಿ, ಭೂಬಳಕೆ, ನೀರಿನ ಹಂಚಿಕೆ ಮತ್ತು ಪರಿಸರ ರಕ್ಷಣೆಯನ್ನು ಗಮನದಲ್ಲಿಟ್ಟು ಜಿಲ್ಲೆಯ ಕರಡು ಯೋಜನೆ ರೂಪಿಸಲು ಸಂವಿಧಾನದ 243ಝಡ್‌ಡಿ ವಿಧಿಯೇ ಜಿಲ್ಲಾ ಯೋಜನಾ ಸಮಿತಿಗೆ ಹೊಣೆ ಹೊರಿಸಿದೆ. ಆ ಸಮಿತಿ ಕಡತಕ್ಕೆ ಸಹಿ ಹಾಕುವ ಸಭೆಯಾಗಿ ಉಳಿಯಬಾರದು.

ಮೊದಲ ಹೆಜ್ಜೆ ಹಳ್ಳಿಯದು. ಒರತೆ, ಹಳ್ಳ, ಕಾನು, ಗದ್ದೆ, ಕಡಿದಾದ ಇಳಿಜಾರು ಎಲ್ಲೆಲ್ಲಿವೆ ಎಂಬುದು ಹಿರಿಯರಿಗೆ ಗೊತ್ತು. ಅದನ್ನು ನಕ್ಷೆಗಿಳಿಸುವ ವಿದ್ಯೆ ಊರಿನ ವಿದ್ಯಾರ್ಥಿಗಳಿಗಿದೆ. ಆ ನಕ್ಷೆಯು ಗ್ರಾಮಸಭೆಯಲ್ಲಿ ಠರಾವಾಗಲಿ. ಅದನ್ನು ನೋಡದೆ ಗುಡ್ಡದ ಒಂದು ಗುಂಟೆಯೂ ಪರಿವರ್ತನೆಯಾಗಕೂಡದು ಎಂಬುದೇ ಮಲೆನಾಡಿಗರ ಬೇಡಿಕೆಯಾಗಲಿ.