ಕರಡಚ್ಚನ್ನು ಕಾಣದ ಕೈ

ಕೃತಿಯೊಂದು ಅಚ್ಚಾದ ಬಗೆ ಅದರ ಗುಣಕ್ಕೆ ಸೇರಿದುದೇ, ಅಥವಾ ಬರಿಯ ಪ್ರಕಾಶಕನ ಮನೆಯ ಸಮಾಚಾರವೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಪಂಡಿತರ ಹೊತ್ತುಕಳೆಯುವಿಕೆಯಾಗಿ ತೋರುವುದಾದರೂ, ಕತೆಗಾರನು ಅಜ್ಞಾತವಾಸದಲ್ಲಿರುವಾಗ ಅದನ್ನು ಅಷ್ಟು ಲಘುವಾಗಿ ತಳ್ಳಿಹಾಕಲಾಗದು.

ನಮ್ಮ ದೇವರಾಯಸಮುದ್ರದ ಕಡೆ ಬಂಡಿಯೆಂದರೆ ಎತ್ತಿನ ಗಾಡಿ. ಕನ್ನಡದವರಿಗೂ ತೆಲುಗಿನವರಿಗೂ ಅದೊಂದೇ ಮಾತು. ಕೊರಿಯದ ನುಡಿಯಲ್ಲಿ ಬಂಡಿಯೆಂದರೆ ಮಿಂಚುಹುಳು. ಉತ್ತರ ಕೊರಿಯದೊಳಗೇ ಇದ್ದುಕೊಂಡು ಆ ಪ್ರಭುತ್ವದ ಕ್ರೌರ್ಯವನ್ನು ಕತೆಯಾಗಿ ಬರೆದ ಲೇಖಕನೊಬ್ಬನು ತಾಳಿದ ಹೆಸರು ಅದು. 1989ರಿಂದ 1995ರವರೆಗೆ ಬರೆದವೆನ್ನಲಾದ ಏಳು ಕತೆಗಳು, ಕೈಬರಹದ 700ಕ್ಕೂ ಮಿಕ್ಕ ಪುಟಗಳು, ಬಹುಕಾಲ ಅಡಗಿದ್ದು, 2013ರಲ್ಲಿ ಗಡಿ ದಾಟಿ, ಮರುವರ್ಷ ಸಿಯೋಲಿನಲ್ಲಿ ‘ಆಪಾದನೆ’ ಎಂಬರ್ಥದ ಹೆಸರಿನಿಂದ ಪ್ರಕಟವಾದುವು. 2017ರಲ್ಲಿ ಇಂಗ್ಲಿಷಿಗೂ ಬಂದುವು. ಹಸ್ತಪ್ರತಿ ಹೊರಬಿದ್ದುದು ಆ ಪ್ರಭುತ್ವದ ಸ್ಥಾಪಕನಾದ ಕಿಮ್ ಇಲ್ ಸುಂಗನ ಗ್ರಂಥಗಳ ನಡುವೆ ಅಡಗಿಯಂತೆ. ಅಂತಹ ವ್ಯಂಗ್ಯವನ್ನು ಕತೆಯಲ್ಲಿ ತಂದಿದ್ದರೆ ನಾವು ಅತಿಯಾಯಿತೆನ್ನುತ್ತಿದ್ದೆವು. ಗ್ರಂಥಕರ್ತನು ನಿಜವಾಗಿ ಯಾರೆಂಬ ಸಂಶಯವೂ ಪುಸ್ತಕದ ಬೆನ್ನು ಬಿಟ್ಟಿಲ್ಲ.

ಇಷ್ಟನ್ನು ಕೇಳಿದ ವಾಚಕನು ಮೊದಲ ಪುಟ ತೆರೆಯುವ ಮುನ್ನವೇ ಕೈಮುಗಿದುಬಿಡುತ್ತಾನೆ. ನನ್ನ ತಕರಾರು ಅಲ್ಲಿಯೇ. ಪ್ರಾಣವನ್ನು ಒತ್ತೆಯಿಟ್ಟು ಬರೆದ ಕತೆಯೂ ಸಡಿಲವಾದ ಕತೆಯಾಗಿರಬಹುದು. ಸಾಹಸಕ್ಕೆ ಸಲ್ಲತಕ್ಕ ಗೌರವವನ್ನು ಕಲೆಗೆ ಸಲ್ಲಿಸಿದರೆ ಎರಡಕ್ಕೂ ಅನ್ಯಾಯ.

ಮರೆಯಾದ ಹೆಸರೇ ಇಲ್ಲಿನ ದೊಡ್ಡ ನಷ್ಟವೆನ್ನುವವರುಂಟು. ನನಗೆ ಹಾಗೆ ತೋರುವುದಿಲ್ಲ. ನಮ್ಮ ಜಿಲ್ಲೆಯವರೇ ಆದ ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡು ‘ಶ್ರೀನಿವಾಸ’ರಾಗಿ ಬರೆದರು, 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ಹೊರಬಂದಿತು. ಆ ಹೆಸರು ತೆಳುವಾದ ಪರದೆ, ಅದರ ಹಿಂದಿದ್ದವರನ್ನು ನಾಡು ಬಲ್ಲದು. ಕಮ್ಯುನಿಸ್ಟರ ಮೇಲೆ ನಿರ್ಬಂಧವಿದ್ದ ದಿನಗಳಲ್ಲಿ ಭೂಗತರಾಗಿದ್ದ ನಿರಂಜನರಿಗೂ ಕತ್ತಲೆ ಒಂದು ಅವಧಿಯದಾಗಿತ್ತು. ಮುಂದೆ ಅವರು 25 ಸಂಪುಟಗಳ ವಿಶ್ವಕಥಾಕೋಶಕ್ಕೆ ಸಂಪಾದಕರಾಗಿ ಬೆಳಕಿನಲ್ಲಿಯೇ ಕುಳಿತು ದುಡಿದರು. ಕರಡಚ್ಚು ತಿದ್ದುವುದು, ಎರಡನೆಯ ಮುದ್ರಣದಲ್ಲಿ ಮಾತೊಂದನ್ನು ಬದಲಿಸುವುದು, ಆಕ್ಷೇಪಿಸಿದ ಓದುಗನಿಗೆ ಕಾಗದ ಬರೆಯುವುದು, ಮುಂದಿನ ಕತೆಯಲ್ಲಿ ಹಿಂದಿನ ಕತೆಯ ದೋಷವನ್ನು ಕಳೆದುಕೊಳ್ಳುವುದು: ಇವೆಲ್ಲ ಈ ಇಬ್ಬರಿಗೂ ತೆರೆದಿದ್ದ ದಾರಿಗಳು. ಬಂಡಿಗೆ ಮುಚ್ಚಿದುದು ಈ ದಾರಿ. ಅವನ ಗ್ರಂಥ ಹೊರಬಿದ್ದ ಹಸ್ತಪ್ರತಿಯಲ್ಲಿಯೇ ನಿಂತಿತು.

ಆದುದರಿಂದ ಪ್ರಕಟಣೆಯ ವೃತ್ತಾಂತವನ್ನು ಬಲ್ಲ ಓದುಗನು ಹೆಚ್ಚು ಮೃದುವಾಗದೆ, ಹೆಚ್ಚು ಕಟ್ಟುನಿಟ್ಟಾಗಬೇಕೆಂದು ನನ್ನ ಮತ. ಪೂಜೆ ಬಂಡಿಗೆ ಸುಲಭವಾಗಿ ದೊರೆಯುತ್ತಿದೆ, ವಿಮರ್ಶೆಯೇ ದುರ್ಲಭ. ನಾನಂತೂ ಸೀಸದ ಕಡ್ಡಿ ಹಿಡಿದೇ ಆ ಕತೆಗಳನ್ನು ಓದಿದೆನು. ಅಂಚಿನಲ್ಲಿ ಹಾಕಿದ ಗುರುತುಗಳಲ್ಲಿ ಕೆಲವು ಅನುವಾದದ ತಪ್ಪುಗಳಿರಬಹುದು, ಕೆಲವು ನನ್ನವೇ ಇರಬಹುದು. ತೀರ್ಮಾನಿಸಬಲ್ಲವನು ಒಬ್ಬನೇ, ಪುಸ್ತಕ ಅವನ ಕೈಗೆ ತಲುಪಿತೆ ಎಂದು ವಿಚಾರಿಸುವುದು ಕೂಡ ಅವನಿಗೆ ಅಪಾಯ.