ದೊಡ್ಡ ಜರ್ಮನಿ ಆಗಿದ್ದಿದ್ರೆ...

ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಕಂಪ್ಯೂಟರ್ ಮುಂದೆ ಕೂತು ಹತ್ತೊಂಬತ್ತನೇ ಶತಮಾನದ ಯೂರೋಪನ್ನು ಆಳ್ತಾ ಇದ್ದ. ಅದೊಂದು ಆಟ. "ಮಾಮ, ಇಲ್ನೋಡು. ಬರ್ಲಿನ್ನು, ವಿಯೆನ್ನಾ, ಪ್ರಾಗ್, ಬುಡಾಪೆಸ್ಟು ಎಲ್ಲಾ ಸೇರಿ ಒಂದೇ ಜರ್ಮನಿ. ಇನ್ನು ಮಹಾಯುದ್ಧಾನೂ ಇಲ್ಲ, ಹಿಟ್ಲರೂ ಇಲ್ಲ" ಅಂದ. ನಕ್ಷೆ ತುಂಬಾ ಒಂದೇ ಬೂದು ಬಣ್ಣ.

"ಅಲ್ಲಿರೋ ಜನ ಒಪ್ಪಿದ್ರೇನೋ?" ಅಂತ ಕೇಳಿದೆ.

"ಅದಕ್ಕೆ ಬಟನ್ ಇಲ್ಲ ಮಾಮ" ಅಂದ :)

ಆ ಮಾತು ತಲೇಲೇ ಉಳಿದುಬಿಡ್ತು. ಅದಕ್ಕೇ ಈ ಬರಹ.

ಈ 'ಹೀಗಾಗಿದ್ದಿದ್ರೆ' ಆಟದಲ್ಲಿ ಜರ್ಮನಿಗೆ ಯಾವಾಗಲೂ ದೊಡ್ಡ ಜಾಗ. ಸಾಮಾನ್ಯವಾಗಿ ಎಲ್ಲರೂ ಶುರು ಮಾಡೋದು 1866ರಿಂದ. ಆ ವರ್ಷ ಜುಲೈ 3ರಂದು ಕ್ಯೋನಿಗ್‌ಗ್ರೇಟ್ಸ್ ಕಾಳಗದಲ್ಲಿ ಪ್ರಷ್ಯಾ ಆಸ್ಟ್ರಿಯಾವನ್ನು ಸೋಲಿಸಿತು. ಬಿಸ್ಮಾರ್ಕ್ ಆಸ್ಟ್ರಿಯಾವನ್ನು ಹೊರಗಿಟ್ಟು 1871ರಲ್ಲಿ 'ಚಿಕ್ಕ ಜರ್ಮನಿ' ಕಟ್ಟಿದ. ಆವತ್ತು ಆಸ್ಟ್ರಿಯಾ ಗೆದ್ದಿದ್ದರೆ ಜರ್ಮನ್ನರು, ಚೆಕ್ಕರು, ಪೋಲರು, ಹಂಗೇರಿಯನ್ನರು, ಸ್ಲೊವೀನರು ಎಲ್ಲಾ ಇರೋ ದೊಡ್ಡ ಸಾಮ್ರಾಜ್ಯ ಆಗ್ತಿತ್ತು, ಅಷ್ಟು ಬಗೆಯ ಜನ ಇರೋ ದೇಶಕ್ಕೆ ಜನಾಂಗದ ಹುಚ್ಚು ಹಿಡೀತಿರಲಿಲ್ಲ ಅನ್ನೋದು ವಾದ. ಕೇಳೋಕೆ ಚೆನ್ನಾಗಿದೆ. ಆದರೆ ನನ್ನ ಪ್ರಕಾರ ಇವರು ಹುಡುಕ್ತಿರೋ ಜಾಗವೇ ತಪ್ಪು. ಆ ದೇಶ ಹುಟ್ಟಬಹುದಾಗಿದ್ದದ್ದು ರಣರಂಗದಲ್ಲಲ್ಲ, ಎರಡು ಕಾಗದಗಳಲ್ಲಿ. ಅದೂ ಹದಿನೇಳು ವರ್ಷ ಮೊದಲೇ.

1848ರ ಮೇ 18ರಂದು ಫ್ರಾಂಕ್‌ಫರ್ಟಿನ ಸೇಂಟ್ ಪಾಲ್ ಚರ್ಚಿನಲ್ಲಿ ಮೊದಲ ಜರ್ಮನ್ ಸಂಸತ್ತು ಸೇರಿತು. ಜರ್ಮನಿ ಅಂದರೆ ಎಲ್ಲಿಂದ ಎಲ್ಲಿವರೆಗೆ ಅನ್ನೋದೇ ಅವರ ದೊಡ್ಡ ತಲೆನೋವು. ಬೊಹೀಮಿಯಾ ಆಗಿನ ಜರ್ಮನ್ ಒಕ್ಕೂಟದ ಒಳಗೇ ಇತ್ತು. ಹಾಗಾಗಿ ಸಂಸತ್ತಿನ ತಯಾರಿ ಸಮಿತಿಗೆ ಬನ್ನಿ ಅಂತ ಪ್ರಾಗಿನ ಇತಿಹಾಸಕಾರ ಫ್ರಾಂಟಿಶೆಕ್ ಪಲಾಟ್ಸ್ಕಿಗೆ ಕರೆ ಹೋಯಿತು. ಏಪ್ರಿಲ್ 11ಕ್ಕೇ ಆತ ಬರೋದಿಲ್ಲ ಅಂತ ಕಾಗದ ಬರೆದ. ತಾನು ಜರ್ಮನ್ ಅಲ್ಲ, ಸ್ಲಾವ್ ಮೂಲದ ಬೊಹೀಮಿಯದವನು, ಜರ್ಮನ್ನರ ಮನೆಕೆಲಸದಲ್ಲಿ ತನಗೇನು ಪಾತ್ರ ಅನ್ನೋದು ಅದರ ಸಾರ. ಜೊತೆಗೆ, ಸಣ್ಣ ಸಣ್ಣ ಜನಾಂಗಗಳನ್ನು ರಷ್ಯಾದಿಂದ ಕಾಯೋಕೆ ಆಸ್ಟ್ರಿಯಾ ಇರಲೇಬೇಕು ಅಂತಲೂ ಹೇಳಿದ. ಚುನಾವಣೆ ಬಂದಾಗ ಚೆಕ್ ಜನ ಹೆಚ್ಚಿದ್ದ ಕಡೆ ಬಹುತೇಕ ಯಾರೂ ಮತ ಹಾಕಲಿಲ್ಲ.

ಫ್ರಾಂಕ್‌ಫರ್ಟಿನವರು ಮಾಡಿದ ಒಂದು ಕೆಲಸ ಮಾತ್ರ ನನಗೆ ಇವತ್ತಿಗೂ ಆಶ್ಚರ್ಯ. 1849ರ ಮಾರ್ಚ್ 28ರ ಸಂವಿಧಾನದ 188ನೇ ಕಲಮು ಜರ್ಮನ್ ಮಾತಾಡದ ಜನರಿಗೆ ಅವರವರ ಸೀಮೆಯಲ್ಲಿ ಶಾಲೆ, ಚರ್ಚು, ಆಡಳಿತ, ಕೋರ್ಟುಗಳಲ್ಲಿ ಅವರ ಭಾಷೆಗೆ ಸಮಾನ ಹಕ್ಕು ಕೊಡ್ತು. 1849ರಲ್ಲಿ, ಸ್ವಾಮಿ!

ಅದೇ ಚಳಿಗಾಲ ಅತ್ತ ಮೊರೇವಿಯಾದ ಕ್ರೆಮ್ಸಿಯರ್ ಊರಲ್ಲಿ, ಆರ್ಚ್‌ಬಿಷಪ್ಪರ ಅರಮನೆಯಲ್ಲಿ, ಆಸ್ಟ್ರಿಯಾದ ಸಂಸತ್ತು ತನ್ನ ಸಂವಿಧಾನ ಬರೀತಿತ್ತು. ಅಲ್ಲಿ ಯಾರಿದ್ರು ಗೊತ್ತಾ? ಇಲ್ಲಿಗೆ ಬರಲ್ಲ ಅಂದಿದ್ದ ಅದೇ ಪಲಾಟ್ಸ್ಕಿ! ಸಾಮ್ರಾಜ್ಯದ ಎಲ್ಲ ಜನಾಂಗಗಳೂ ಸಮಾನ, ಎಲ್ಲ ಭಾಷೆಗಳಿಗೂ ಸಮಾನ ಹಕ್ಕು ಅಂತ ಆ ಕರಡಿನಲ್ಲೂ ಬಂತು. ಜರ್ಮನ್ನರೂ ಚೆಕ್ಕರೂ ಒಂದೇ ಮೇಜಿನ ಸುತ್ತ ಕೂತು ಜಗಳ ಆಡಿ, ಆಮೇಲೆ ಒಪ್ಪಿ ಬರೆದದ್ದು ಅದು. ನನಗೆ ಅದೇ ಮುಖ್ಯ.

ಮುಂದೇನಾಯ್ತು? ಮಾರ್ಚ್ 7ರಂದು ಪ್ರಧಾನಿ ಷ್ವಾರ್ಟ್ಸನ್‌ಬೆರ್ಗ್ ಸೈನ್ಯ ಕಳಿಸಿ ಕ್ರೆಮ್ಸಿಯರ್ ಸಂಸತ್ತಿಗೆ ಬೀಗ ಹಾಕಿಸಿದ. ಏಪ್ರಿಲ್‌ನಲ್ಲಿ ಪ್ರಷ್ಯಾದ ದೊರೆ ಫ್ರಾಂಕ್‌ಫರ್ಟ್ ಕೊಟ್ಟ ಕಿರೀಟ ಬೇಡ ಅಂದ. ಎರಡು ತಿಂಗಳೊಳಗೆ ಎರಡೂ ಕಾಗದ ಮೂಲೆಗೆ! ತಮಾಷೆ ನೋಡಿ, ದೊಡ್ಡ ಜರ್ಮನಿಯ ಆಸೆ ಆ ಷ್ವಾರ್ಟ್ಸನ್‌ಬೆರ್ಗ್‌ಗೂ ಇತ್ತು. ಇಡೀ ಆಸ್ಟ್ರಿಯಾವನ್ನು ಜರ್ಮನ್ ಒಕ್ಕೂಟಕ್ಕೆ ಸೇರಿಸಿ ಏಳು ಕೋಟಿ ಜನರ ಸಾಮ್ರಾಜ್ಯ ಕಟ್ಟಬೇಕು ಅಂತ 1851ರವರೆಗೂ ಒದ್ದಾಡಿದ. ನಕ್ಷೆ ಬೇಕು, ಜನರ ಒಪ್ಪಿಗೆ ಬೇಡ. ಥೇಟ್ ನಮ್ಮ ಹುಡುಗನ ಆಟದ ಹಾಗೆ.

ಅಂದ್ರೆ ಎರಡೂ ಕಾಗದ ಉಳಿದು ಒಂದಾಗಿದ್ದರೆ ಎಲ್ಲ ಸರಿ ಹೋಗ್ತಿತ್ತಾ? ಅಷ್ಟು ಸುಲಭ ಅಲ್ಲ. ಕ್ರೆಮ್ಸಿಯರ್ ಕರಡಿನಲ್ಲಿ ಹಂಗೇರಿ ಇರಲೇ ಇಲ್ಲ, ಅಲ್ಲಿ ಯುದ್ಧ ನಡೀತಿತ್ತು. 188ನೇ ಕಲಮು ಬರೆದ ಅದೇ ಸಂಸತ್ತಿನಲ್ಲಿ 1848ರ ಜುಲೈನಲ್ಲಿ ವಿಲ್‌ಹೆಲ್ಮ್ ಯೋರ್ಡಾನ್ ಅನ್ನೋ ಸದಸ್ಯ ಎದ್ದು, ಪೋಲರ ಮೇಲೆ ಕನಿಕರ ಸಾಕು, ನಮ್ಮ ರಾಷ್ಟ್ರಕ್ಕೆ ಆರೋಗ್ಯಕರ ಸ್ವಾರ್ಥ ಬೇಕು ಅಂದಿದ್ದ. ಬಹುಮತ ಅವನ ಕಡೆಗೇ ಇತ್ತು. 1897ರಲ್ಲಿ ಆಸ್ಟ್ರಿಯಾದ ಪ್ರಧಾನಿ ಬಡೇನಿ, ಬೊಹೀಮಿಯಾ ಮತ್ತು ಮೊರೇವಿಯಾದ ಅಧಿಕಾರಿಗಳಿಗೆ ಜರ್ಮನ್, ಚೆಕ್ ಎರಡೂ ಬರಬೇಕು ಅಂದದ್ದಕ್ಕೆ ಜರ್ಮನ್ನರು ಬೀದಿಗಿಳಿದರು. ಸಂಸತ್ತಿನಲ್ಲಿ ಓಟ್ಟೋ ಲೆಕರ್ ಹನ್ನೆರಡು ಗಂಟೆ ಒಂದೇ ಸಮನೆ ಭಾಷಣ ಮಾಡಿದ. ಬಡೇನಿ ಕುರ್ಚಿ ಹೋಯ್ತು. ಬಗೆಬಗೆಯ ಜನ ಒಟ್ಟಿಗಿದ್ದ ಮಾತ್ರಕ್ಕೆ ಮನಸ್ಸು ದೊಡ್ಡದಾಗಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಹಿಟ್ಲರ್ ದ್ವೇಷದ ಪಾಠ ಕಲಿತದ್ದು ಅಷ್ಟೊಂದು ಜನ ಸೇರಿದ್ದ ಆ ವಿಯೆನ್ನಾದಲ್ಲೂ ಹೌದು.

ಹಾಗಂತ ಚಿಕ್ಕ ಜರ್ಮನಿಯೇನು ಒಂದೇ ಭಾಷೆಯ ದೇಶ ಆಗಿರಲಿಲ್ಲ. ಲಕ್ಷಗಟ್ಟಲೆ ಪೋಲರು ಅದರೊಳಗಿದ್ರು. 1901ರಲ್ಲಿ ವ್ಜೆಶ್ನ್ಯಾ ಊರಿನ ಶಾಲಾಮಕ್ಕಳು ಧರ್ಮಪಾಠಕ್ಕೆ ಜರ್ಮನ್‌ನಲ್ಲಿ ಉತ್ತರ ಹೇಳಲ್ಲ ಅಂದಿದ್ದಕ್ಕೆ ಮೇಷ್ಟ್ರುಗಳಿಂದ ಏಟು ತಿಂದರು. 188ನೇ ಕಲಮು ಬದುಕಿದ್ದಿದ್ರೆ ಆ ಮಕ್ಕಳ ಕೈಯಲ್ಲಿ ಕಾನೂನಿನ ಒಂದು ಸಾಲಾದರೂ ಇರ್ತಿತ್ತು.

ಲೆಕ್ಕ ಹಾಕಿ ನೋಡಿದೆ. 1910ರಲ್ಲಿ ಜರ್ಮನಿಯಲ್ಲಿ ಸುಮಾರು 6.5 ಕೋಟಿ, ಆಸ್ಟ್ರಿಯಾ-ಹಂಗೇರಿಯಲ್ಲಿ ಸುಮಾರು 5.1 ಕೋಟಿ ಜನ. ಒಟ್ಟು ಸೇರಿಸಿದರೆ ಹತ್ತರಲ್ಲಿ ಹೆಚ್ಚುಕಡಿಮೆ ನಾಲ್ಕು ಜನಕ್ಕೆ ಜರ್ಮನ್ ಮನೆಮಾತಲ್ಲ. ಅಂಥ ದೇಶವನ್ನು ಎರಡೇ ರೀತಿ ನಡೆಸಬಹುದು. ಒಂದು ಕ್ರೆಮ್ಸಿಯರ್ ದಾರಿ. ಇನ್ನೊಂದು ವ್ಜೆಶ್ನ್ಯಾ ಮೇಷ್ಟ್ರ ಬೆತ್ತದ ದಾರಿ. 1938ರಲ್ಲಿ ಆಸ್ಟ್ರಿಯಾ, 1939ರಲ್ಲಿ ಪ್ರಾಗ್ ನಿಜವಾಗಿಯೂ ಬರ್ಲಿನ್ ಕೈಗೆ ಬಂದವಲ್ಲ, ದೊಡ್ಡ ಜರ್ಮನಿ ಹಾಗೂ ಒಮ್ಮೆ ಆಯಿತು. ಯಾವ ದಾರಿ ಹಿಡೀತು ಅಂತ ಹೇಳಬೇಕಾಗಿಲ್ಲ.

ಅದಕ್ಕೇ ನನಗೆ ಈ ಕಥೆಯ ನಾಯಕ ಬಿಸ್ಮಾರ್ಕ್ ಅಲ್ಲ, ಕಾಗದ ಬರೆದು ಬರಲ್ಲ ಅಂದ ಪಲಾಟ್ಸ್ಕಿ. ಯಾವ ಷರತ್ತಿನ ಮೇಲೆ ಬರ್ತೀಯಪ್ಪ ಅಂತ ಫ್ರಾಂಕ್‌ಫರ್ಟಿನವರು ಅವನನ್ನು ತಿರುಗಿ ಕೇಳಿದ್ದರೆ? ನಾನು ಆಡೋ 'ಹೀಗಾಗಿದ್ದಿದ್ರೆ' ಆಟ ಇದೊಂದೇ.

ಊಟಕ್ಕೆ ಕರೆಯೋಕೆ ಹೋದಾಗ ಹುಡುಗನ ನಕ್ಷೆಯಲ್ಲಿ ಪ್ರಾಗ್ ಸುತ್ತ ಕೆಂಪು ಚುಕ್ಕೆಗಳು ಮಿನುಗ್ತಾ ಇದ್ವು. "ದಂಗೆ ಎದ್ದಿದ್ದಾರೆ ಮಾಮ, ಯಾಕೋ ಗೊತ್ತಿಲ್ಲ" ಅಂದ.

ನನಗೆ ಗೊತ್ತಿತ್ತು. ನೀವೇನಂತೀರಿ?