ಖ್ಯಾತರ ಧ್ವನಿಯೂ ನಮ್ಮ ವಿವೇಕವೂ

ಲೋಕದಲ್ಲಿ ಕೀರ್ತಿವಂತರ ಮಾತಿಗೆ ಇರುವ ಬೆಲೆ ಸಾಮಾನ್ಯರ ಮಾತಿಗೆ ಇಲ್ಲವೆಂಬುದು ಹಿಂದಿನಿಂದಲೂ ನಡೆದುಬಂದ ಸಂಗತಿ. ಅರಸರೂ ಗುರುಗಳೂ ನುಡಿದುದನ್ನು ಊರೆಲ್ಲ ಕಿವಿಗೊಟ್ಟು ಕೇಳುತ್ತಿದ್ದ ಕಾಲವೊಂದಿತ್ತು. ಈಗ ಆ ಸ್ಥಾನವು ಬಹುಮಟ್ಟಿಗೆ ಚಲನಚಿತ್ರದ ನಟನಟಿಯರಿಗೆ ಸಂದಿದೆ. ಅವರು ಸಾಮಾಜಿಕ ಜಾಲತಾಣದಲ್ಲಿ ನಾಲ್ಕು ಸಾಲು ಬರೆದರೆ ಸಾಕು, ಹೊತ್ತು ಮುಳುಗುವುದರೊಳಗೆ ಅದು ಶಿವಮೊಗ್ಗೆಯ ಗಾಂಧಿಬಜಾರಿನಲ್ಲಿಯೂ ಭದ್ರಾವತಿಯ ಕಾರ್ಖಾನೆಯ ವಸತಿಗೃಹಗಳಲ್ಲಿಯೂ ಚರ್ಚೆಯ ವಿಷಯವಾಗುತ್ತದೆ. ಈ ಶಕ್ತಿಯನ್ನು ಲೋಕಹಿತಕ್ಕೆ ಬಳಸುವುದು ಸಾಧುವೇ? ಅದನ್ನು ಕೇಳುವ ನಾವು ಹೇಗೆ ನಡೆದುಕೊಳ್ಳತಕ್ಕದ್ದು? ಈ ಎರಡು ಪ್ರಶ್ನೆಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡಲಿಚ್ಛಿಸುತ್ತೇವೆ.

ಖ್ಯಾತರು ಸಾರ್ವಜನಿಕ ಕಾರ್ಯಕ್ಕೆ ಇಳಿಯುವುದು ಕನ್ನಡನಾಡಿಗೆ ಹೊಸತಲ್ಲ. 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ಚಳುವಳಿ ನಡೆದಾಗ ಡಾ. ರಾಜ್‌ಕುಮಾರ್ ಅವರು ಊರಿಂದೂರಿಗೆ ಸಂಚರಿಸಿ ಜನರನ್ನು ಎಚ್ಚರಿಸಿದರು. ಅಂದು ಜಾಲತಾಣವೂ ಇರಲಿಲ್ಲ, ಕೈಯಲ್ಲಿ ಹಿಡಿಯುವ ಫೋನೂ ಇರಲಿಲ್ಲ. ಬಿಸಿಲಿನಲ್ಲಿ ನಿಂತು ಮಾತನಾಡಬೇಕಾಗಿತ್ತು. 2006ರಲ್ಲಿ ಅವರು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದುವು. 2021ರ ಅಕ್ಟೋಬರ್ 29ರಂದು ಅವರ ಕಿರಿಯ ಮಗ ಪುನೀತ್ ಅವರು ಅಕಾಲದಲ್ಲಿ ಅಗಲಿದಾಗ ಅವರ ಕಣ್ಣುಗಳೂ ದಾನವಾದುವು. ಅದಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಯಿಸಲು ರಾಜ್ಯದಲ್ಲೆಲ್ಲ ಜನರು ಮುಂದೆ ಬಂದುದನ್ನು ನಾವು ಬಲ್ಲೆವು. ಸಾವಿರ ಭಾಷಣಗಳಿಂದಾಗದುದು ಒಂದು ನಡತೆಯಿಂದಾಯಿತು.

ದಾನವನ್ನು ತುತ್ತೂರಿ ಊದಿಸಿ ಮಾಡಲಾಗದೆಂದು ನಮ್ಮ ಶಾಲೆಯ ಪ್ರಾರ್ಥನಾಸಮಯದಲ್ಲಿ ಎಲ್ಲರೂ ಕೇಳಿದ್ದೇವೆ. ಹಾಗಾದರೆ ಜಾಲತಾಣದ ಪ್ರಕಟಣೆಯೂ ತುತ್ತೂರಿಯೇ ಅಲ್ಲವೆ, ಎಂದು ಕೆಲವರು ಕೇಳಬಹುದು. ತನ್ನ ಹೊಗಳಿಕೆಗಾಗಿ ಊದುವುದು ಬೇರೆ, ಪರರ ಹಸಿವನ್ನು ಸಾರುವುದಕ್ಕಾಗಿ ಊದುವುದು ಬೇರೆ ಎಂಬುದು ನಮ್ಮ ಅಭಿಪ್ರಾಯ. 2021ರ ಜೂನ್ ತಿಂಗಳಲ್ಲಿ ಕೊರೋನಾ ನಿರ್ಬಂಧದಿಂದ ಮೃಗಾಲಯಗಳು ಮುಚ್ಚಿ, ಪ್ರೇಕ್ಷಕರ ಟಿಕೆಟಿನ ಹಣ ನಿಂತುಹೋಗಿತ್ತು. ಆಗ ನಟ ದರ್ಶನ್ ಅವರು ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳಿರೆಂದು ಬೇಡಿಕೊಂಡರು; ಅವರ ಅಭಿಮಾನಿಗಳಿಂದ ಲಕ್ಷಗಟ್ಟಲೆ ಹಣ ಬಂದಿತು. ರಾಜ್ಯದ ಮೃಗಾಲಯಗಳಲ್ಲಿ ನಮ್ಮ ತ್ಯಾವರೆಕೊಪ್ಪದ ಹುಲಿ ಮತ್ತು ಸಿಂಹಧಾಮವೂ ಒಂದು. ಕೇಳಿದುದು ಸ್ಪಷ್ಟವಾಗಿತ್ತು, ಕೊಟ್ಟ ಹಣಕ್ಕೆ ರಸೀತಿಯಿತ್ತು. ಇಂಥ ಕಾರ್ಯವನ್ನು ಜರೆಯುವುದು ಸಲ್ಲದು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. 2024ರ ಜೂನ್ ತಿಂಗಳಲ್ಲಿ ಅದೇ ನಟರು ಕೊಲೆಯ ಆರೋಪದ ಮೇಲೆ ಬಂಧಿತರಾದರು. ಅಪರಾಧವುಂಟೋ ಇಲ್ಲವೋ ಎಂಬುದು ನ್ಯಾಯಾಲಯವು ತೀರ್ಮಾನಿಸತಕ್ಕ ವಿಷಯ. ಅದರಲ್ಲಿ ನಾವು ಕೈಹಾಕುವುದಿಲ್ಲ. ನಮ್ಮ ಗಮನಕ್ಕೆ ಬರಬೇಕಾದುದು ಬೇರೆ. 2025ರ ಜುಲೈಯಲ್ಲಿ ನಟಿಯೂ ಮಂಡ್ಯದ ಮಾಜಿ ಲೋಕಸಭಾ ಸದಸ್ಯೆಯೂ ಆದ ರಮ್ಯಾ ಅವರು, ಸತ್ತವನ ಕುಟುಂಬಕ್ಕೆ ನ್ಯಾಯ ದೊರೆಯಬೇಕೆಂದು ಜಾಲತಾಣದಲ್ಲಿ ಬರೆದರು. ಅಷ್ಟಕ್ಕೇ ಅಭಿಮಾನಿಗಳೆಂದು ಹೇಳಿಕೊಳ್ಳುವವರು ಬಾಯಲ್ಲಿ ಆಡಲಾಗದ ಮಾತುಗಳಿಂದ ಅವರನ್ನು ನಿಂದಿಸಿ ಬೆದರಿಸಿದರು. ಆಕೆ ಸುಮ್ಮನಾಗದೆ 43 ಖಾತೆಗಳ ವಿವರವನ್ನಿಟ್ಟು ಬೆಂಗಳೂರಿನ ಪೊಲೀಸ್ ಕಮಿಷನರ ಬಳಿ ದೂರಿತ್ತರು. ಹಲವರ ಬಂಧನವೂ ಆಯಿತು. ಹುಲಿಗೆ ಆಹಾರ ಕೊಡಿಸಿದ ಅಭಿಮಾನವೇ ವಿವೇಕ ತಪ್ಪಿದಾಗ ಹೆಣ್ಣಿನ ಮೇಲೆ ಎರಗುವ ಹುಲಿಯಾಯಿತಲ್ಲವೆ? ಒಬ್ಬರು ಮಾಡಿದ ಒಳ್ಳೆಯ ಕೆಲಸವನ್ನು ಮೆಚ್ಚುವುದು ಧರ್ಮ. ಆ ಕೆಲಸದ ನೆಪದಿಂದ ಅವರನ್ನೇ ದೇವರನ್ನಾಗಿ ಮಾಡುವುದು ಅಧರ್ಮ.

ಇನ್ನು ನಮ್ಮ ಜಿಲ್ಲೆಯ ಅನುಭವವನ್ನು ನೋಡೋಣ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ಮಾತು ಹುಟ್ಟಿದಾಗ, ಜುಲೈ 10ರಂದು ಜಿಲ್ಲೆ ಬಂದ್ ಆಚರಿಸಿತು. ಆ ಹೋರಾಟದ ಮುಂದೆ ನಿಂತವರು ಸಾಗರದ ಕಾದಂಬರಿಕಾರ ನಾ. ಡಿ'ಸೋಜರು, ಆಗ ಅವರಿಗೆ ಎಂಬತ್ತು ದಾಟಿತ್ತು. ಶರಾವತಿಯ ಮುಳುಗಡೆಯ ದುಃಖವನ್ನು ಕಣ್ಣಾರೆ ಕಂಡು ಬರೆದವರಾದ ಕಾರಣ ಅವರ ಮಾತಿಗೆ ತೂಕವಿತ್ತು. 2025ರ ಜನವರಿಯಲ್ಲಿ ಅವರು ನಮ್ಮನ್ನಗಲಿದರೂ ಆ ಮೇಲ್ಪಂಕ್ತಿ ಉಳಿದಿದೆ. ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಹೊರಬಿದ್ದಾಗ ಜಾಲತಾಣಗಳಲ್ಲಿಯೂ ಕೂಗೆದ್ದಿತು. ಕೂಗು ಕೆಲವು ದಿನಗಳದ್ದು. ಕಾರ್ಖಾನೆಯ ಬಾಗಿಲಲ್ಲಿ ಗುತ್ತಿಗೆ ಕಾರ್ಮಿಕರು ಕುಳಿತುದು ತಿಂಗಳುಗಟ್ಟಲೆ. ಆ ವರ್ಷದ ಆಗಸ್ಟಿನಲ್ಲಿ ಒಂದು ಭಾಗದಲ್ಲಿ ಕೆಲಸ ಮತ್ತೆ ಆರಂಭವಾದಾಗ ಅದರ ಕೀರ್ತಿ ಮೊದಲು ಸಲ್ಲತಕ್ಕದ್ದು ಆ ಕುಳಿತವರಿಗೆ. ಖ್ಯಾತರ ಧ್ವನಿ ದೇವಾಲಯದ ಗಂಟೆಯಂತೆ: ಜನರನ್ನು ಕರೆಯಬಲ್ಲದು, ಅವರ ಬದಲಾಗಿ ಪ್ರಾರ್ಥಿಸಲಾರದು.

ಆದಕಾರಣ ಯಾವ ಖ್ಯಾತರ ಕರೆ ಬಂದರೂ ನಾವು ಮೂರು ಮಾತುಗಳನ್ನು ಕೇಳಿಕೊಳ್ಳತಕ್ಕದ್ದು. ಹೇಳಿದುದು ನಿಜವೇ? ಕೇಳಿದುದು ಇಂಥದೆಂದು ಸ್ಪಷ್ಟವಾಗಿದೆಯೇ? ಕೇಳಿದವರು ತಮ್ಮ ಪಾಲನ್ನು ತೆತ್ತಿದ್ದಾರೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ ಮುಖ ನೋಡದೆ ನೆರವಾಗೋಣ. ಬಾರದಿದ್ದರೆ ಎಷ್ಟು ಪ್ರಿಯವಾದ ಮುಖವಾದರೂ ದಾಟಿ ಹೋಗೋಣ.

ಪೋಷಕರಲ್ಲಿ ಒಂದು ವಿಶೇಷ ಬಿನ್ನಹವಿದೆ. ಲೋಕಸಭೆಯಲ್ಲಿ ಕುಳಿತವರಿಗೇ ಇಂಥ ನಿಂದೆ ತಪ್ಪದಿರುವಾಗ, ನಮ್ಮ ಹುಡುಗಿ ಬಾಯಿ ಮುಚ್ಚಿಕೊಂಡಿರುವುದೇ ಲೇಸೆಂದು ಅನೇಕ ತಾಯಿತಂದೆಗಳು ಭಾವಿಸುತ್ತಾರೆ. ಆ ಭಯ ನಮಗೂ ಅರ್ಥವಾಗುತ್ತದೆ, ಆದರೂ ಆ ಉಪಾಯವನ್ನು ನಾವು ಒಪ್ಪಲಾರೆವು. ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವುದೇ ನಿಂದಕರ ಉದ್ದೇಶ. ಅದನ್ನು ನಾವೇ ಮನೆಯಲ್ಲಿ ನೆರವೇರಿಸಿ ಕೊಡಬೇಕೆ? ಅಕ್ಷರ ಕಲಿಸಿದುದು ಮೌನವಾಗಿರುವುದಕ್ಕಲ್ಲ. ವಿಚಾರಿಸಿ ನಿಜವನ್ನು ಬರೆಯಲು ಮಗಳಿಗೆ ಕಲಿಸಿರಿ. ಕೆಟ್ಟ ಮಾತು ಬಂದರೆ ಅದನ್ನು ಅಳಿಸದೆ ಇಟ್ಟುಕೊಂಡು, ಅವಳ ಜೊತೆಯಲ್ಲಿ ಜಿಲ್ಲೆಯ ಸೈಬರ್ ಅಪರಾಧಗಳ ಠಾಣೆಗೆ ಹೋಗಿರಿ. ಗದರಿಕೆ ಅವಳ ಮೇಲೆ ಬೀಳದಿರಲಿ. ಅಷ್ಟೇ ಅಲ್ಲದೆ, ಆ ಹೊಲಸು ಬರೆದ ಕೈಗಳೂ ಯಾವುದೋ ಮನೆಯಲ್ಲಿ ಅನ್ನ ಉಂಡು ಬೆಳೆದ ಕೈಗಳೇ. ಆದ್ದರಿಂದ ಮಗನ ಫೋನಿನ ಕಡೆಗೂ ಒಂದು ಕಣ್ಣಿರಲಿ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರೂ ಉಪಾಧ್ಯಾಯಿನಿಯರೂ ಗೃಹಿಣಿಯರೂ ಬಹುಮಂದಿ. ಅವರ ಹೆಸರನ್ನು ಲಕ್ಷ ಜನ ಹಿಂಬಾಲಿಸುವುದಿಲ್ಲ. ಆದರೂ ತಮ್ಮ ಓಣಿಯಲ್ಲಿ ಅವರ ಮಾತನ್ನು ನಂಬುವವರು ಹತ್ತು ಜನರಾದರೂ ಇದ್ದಾರೆ. ಆ ಹತ್ತು ಜನರ ನಂಬಿಕೆಯನ್ನು ಸತ್ಯಕ್ಕಾಗಿ ವ್ಯಯಿಸುವುದೇ ನಮ್ಮ ಪಾಲಿಗೆ ಬಂದ ಸಾರ್ವಜನಿಕ ಸೇವೆಯೆಂದು ತಿಳಿಯುತ್ತೇವೆ.